ಲಸಿಕೆ ಹಾಕಿದ ಮೇಲೂ ಮೀನು ಸತ್ತದ್ದೇಕೆ?

ಪ್ರಶ್ನೆ: ಟ್ರೌಟ್ ಮೀನುಗಳಿಗೆ ಫರಂಕ್ಯುಲೋಸಿಸ್ (ಬ್ಯಾಕ್ಟೀರಿಯಾದಿಂದ ಬರುವ ಹುಣ್ಣುರೋಗ) ಲಸಿಕೆ ಚುಚ್ಚಿಸಿದ್ದೆವು. ನೀರು 12 ಡಿಗ್ರಿ ಸೆಲ್ಸಿಯಸ್ ಇತ್ತು. 10ನೇ ದಿನಕ್ಕೆ ಅದೇ ರೋಗದಿಂದ ಸಾಯತೊಡಗಿದವು. ಲಸಿಕೆಯೇ ಕೆಟ್ಟಿತ್ತೇ?

ಉತ್ತರ: ಲಸಿಕೆಯನ್ನು ದೂರುವ ಮೊದಲು ಒಂದು ಲೆಕ್ಕ ಹಾಕಿ. ಮೀನಿನ ಮೈ ಹೆಚ್ಚುಕಡಿಮೆ ನೀರಿನಷ್ಟೇ ತಣ್ಣಗಿರುತ್ತದೆ. ಮೂತ್ರಪಿಂಡದ ಮುಂಭಾಗದಲ್ಲೂ ಗುಲ್ಮದಲ್ಲೂ ರೋಗಾಣುವಿನೊಡನೆ ಹೋರಾಡುವ ಪ್ರತಿಕಾಯಗಳು ಎಷ್ಟು ಬೇಗ ತಯಾರಾಗುತ್ತವೆ ಎಂಬುದು ನೀರಿನ ಉಷ್ಣಾಂಶದ ಮೇಲೆಯೇ ನಿಂತಿದೆ. ಹಾಗಾಗಿ ಬರೀ ದಿನ ಎಣಿಸಿದರೆ ಸಾಲದು, ಡಿಗ್ರಿ-ದಿನ ಎಣಿಸಬೇಕು: ಸರಾಸರಿ ಉಷ್ಣಾಂಶವನ್ನು ದಿನಗಳಿಂದ ಗುಣಿಸುವುದು. ಎಣ್ಣೆ ಬೆರೆತ ಲಸಿಕೆಗೆ ಸಾಮಾನ್ಯವಾಗಿ 400ರಿಂದ 500 ಡಿಗ್ರಿ-ದಿನ ಬೇಕು. ನಿಮಗೆ ಸಿಕ್ಕಿದ್ದು 120. ಅಂದರೆ ಇನ್ನೂ ಸುಮಾರು 23ರಿಂದ 32 ದಿನ ಬಾಕಿಯಿತ್ತು. ಹಾಗೆಂದು ನೀರು ಬಿಸಿ ಮಾಡಲು ಹೋಗಬೇಡಿ. ಸೆಕೆಯಲ್ಲಿ ಟ್ರೌಟ್ ಬಳಲುತ್ತದೆ, ರೋಗಾಣು ಚುರುಕಾಗುತ್ತದೆ.

ಇನ್ನೊಂದು ಅನುಮಾನವೂ ಇದೆ. ಸೋಂಕು ಆಗಲೇ ಒಳಗೆ ಅಡಗಿದ್ದರೆ, ಬಲೆಗೆ ಹಿಡಿದು ಚುಚ್ಚುವ ಗಾಬರಿಗೇ ರೋಗ ಎದ್ದುಬಿಡುತ್ತದೆ. ಮುಂದಿನ ಸಲ ಮೊದಲೇ ಕೆಲವು ಮೀನುಗಳ ಮೂತ್ರಪಿಂಡವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಸಾವು ಏರುತ್ತಿರುವ ತೊಟ್ಟಿಗೆ ಲಸಿಕೆ ಬೇಡವೇ ಬೇಡ. ಈಗ ಸತ್ತವನ್ನು ದಿನವೂ ತೆಗೆಯಿರಿ. ಯಾವ ಔಷಧಕ್ಕೆ ರೋಗಾಣು ಬಗ್ಗುತ್ತದೆಂದು ಪರೀಕ್ಷೆ ಹೇಳಿದ ಮೇಲೆಯೇ ಪಶುವೈದ್ಯರ ಸಲಹೆಯಂತೆ ಚಿಕಿತ್ಸೆ ಕೊಡಿ.

ಚುಚ್ಚಿದ ಜಾಗವನ್ನೂ ನೋಡಿ. ಹೊಟ್ಟೆಯ ನಡುಗೆರೆಯಲ್ಲಿ, ಶ್ರೋಣಿ ರೆಕ್ಕೆಯ (ಹೊಟ್ಟೆಯಡಿಯ ಜೋಡಿ ರೆಕ್ಕೆ) ಬುಡದಿಂದ ಒಂದು ರೆಕ್ಕೆಯುದ್ದ ಮುಂದೆ ಚುಚ್ಚಬೇಕು. ಸೂಜಿಯ ತುದಿ ಹೊಟ್ಟೆಗೋಡೆ ದಾಟಿ 1-2 ಮಿಲಿಮೀಟರ್ ಒಳಗಿರಬೇಕು. ಕಡಿಮೆಯಾದರೆ ಮದ್ದು ಮಾಂಸದಲ್ಲೇ ಉಳಿದು ಗಂಟಾಗುತ್ತದೆ, ಹೆಚ್ಚಾದರೆ ಕರುಳು ತೂತಾಗುತ್ತದೆ. ಚುಚ್ಚಲೆಂದು ಮೀನಿಗೆ ಅರಿವಳಿಕೆ ಕೊಡುವ ಮುಂಚೆ 24ರಿಂದ 48 ಗಂಟೆ ಮೇವು ನಿಲ್ಲಿಸಿ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿಡಿ. ಒಮ್ಮೆ ಹೆಪ್ಪುಗಟ್ಟಿದ ಬಾಟಲಿಯನ್ನು ಬಳಸಲೇಬೇಡಿ.

ಪ್ರಶ್ನೆ: ಸಣ್ಣ ಮರಿಗಳಿಗೆ ಚುಚ್ಚುವುದು ಹೇಗೆ?

ಉತ್ತರ: ಚುಚ್ಚಬೇಡಿ, ಅದ್ದಿ. ಅದ್ದುವ ಲಸಿಕೆಗಳಲ್ಲಿ ಸಾಮಾನ್ಯ ಅಳತೆ 1 ಲೀಟರ್ ಲಸಿಕೆಗೆ 9 ಲೀಟರ್ ನೀರು. ಅದರಲ್ಲಿ ತಂಡತಂಡವಾಗಿ ಸುಮಾರು 100 ಕೆ.ಜಿ. ಮರಿಗಳನ್ನು 30ರಿಂದ 60 ಸೆಕೆಂಡು ಅದ್ದಬಹುದು. ಲಸಿಕೆಯ ಬಾಟಲಿಯ ಚೀಟಿಯಲ್ಲಿ ಬೇರೆ ಬರೆದಿದ್ದರೆ ಅದೇ ಅಂತಿಮ. ಬಲೆಯ ನೀರು ಚೆನ್ನಾಗಿ ಸೋರಿದ ಮೇಲೆ ಅದ್ದಿ, ಇಲ್ಲದಿದ್ದರೆ ಪ್ರತಿ ತಂಡಕ್ಕೂ ಲಸಿಕೆ ತೆಳುವಾಗುತ್ತ ಹೋಗುತ್ತದೆ. ಕೊನೆಯ ಮರಿಗಳಿಗೆ ದಕ್ಕುವುದು ಬರೀ ನೀರು. ದ್ರಾವಣಕ್ಕೆ ಗಾಳಿ ಹಾಯುತ್ತಿರಲಿ, ಅದರ ಉಷ್ಣಾಂಶ ತೊಟ್ಟಿಯದಕ್ಕೆ ಸಮನಾಗಿರಲಿ. ಕಿವಿರು, ಚರ್ಮಗಳ ಮೂಲಕ ಮದ್ದು ಒಳಸೇರುತ್ತದೆ. ಈ ರಕ್ಷಣೆ ಚುಚ್ಚುಮದ್ದಿನಷ್ಟು ದಿನ ಬಾಳುವುದಿಲ್ಲ, ಮರಿ ಬೆಳೆದ ಮೇಲೆ ಮತ್ತೊಮ್ಮೆ ಕೊಡಬೇಕಾಗಬಹುದು.

ಪ್ರಶ್ನೆ: ಸೀಗಡಿಗೂ ಇದೇ ಲಸಿಕೆ ನಡೆಯುತ್ತದೆಯೇ?

ಉತ್ತರ: ಇಲ್ಲ. ಸೀಗಡಿಯ ದೇಹದಲ್ಲಿ ಪ್ರತಿಕಾಯಗಳೇ ಹುಟ್ಟುವುದಿಲ್ಲ. ರೋಗಮುಕ್ತವೆಂದು ಪರೀಕ್ಷೆಯಾದ ಮರಿ ಮತ್ತು ಶುದ್ಧ ನೀರಿಗೆ ಆ ಹಣ ಹಾಕಿ.