ಡೆಕೋರಾದಿಂದ ಒಂದು ದಿನದ ಓಡಾಟ

ಪ್ರಶ್ನೆ: ಮಗಳು ಅಮೆರಿಕದ ಅಯೋವಾ ರಾಜ್ಯದ ಡೆಕೋರಾದಲ್ಲಿ ಓದುತ್ತಿದ್ದಾಳೆ. ಜೂನ್‌ನಲ್ಲಿ ಹೋಗುತ್ತಿದ್ದೇವೆ. ಒಂದೇ ದಿನದಲ್ಲಿ ನೋಡಿ ಬರುವಂಥದ್ದು ಏನಿದೆ? ನನಗೆ ಮಂಡಿನೋವು.
– ಓದುಗರೊಬ್ಬರು, ತುಮಕೂರು

ಉತ್ತರ: ಮೊದಲು ಸ್ಪಿಲ್‌ವಿಲ್‌ಗೆ ಹೋಗಿ ಅಮ್ಮಾ, ಹತ್ತಿರದಲ್ಲೇ ಇದೆ. ಸಂಗೀತಗಾರ ಡ್ವೋರಾಕ್ 1893ರ ಬೇಸಿಗೆಯಲ್ಲಿ ಉಳಿದಿದ್ದ ಕಟ್ಟಡದಲ್ಲೇ ಈಗ ಬಿಲಿ ಸಹೋದರರ ಗಡಿಯಾರಗಳ ಮ್ಯೂಸಿಯಂ ಇದೆ. ಇಬ್ಬರೂ ರೈತರು. ಚಳಿಗಾಲದಲ್ಲಿ ಹೊಲದ ಕೆಲಸ ಕಡಿಮೆ ಇದ್ದಾಗ ಕೂತು ಮರದಲ್ಲಿ ಕೆತ್ತಿದ್ದಾರೆ. ಒಂದು ಗಡಿಯಾರದಲ್ಲಿ ಗಂಟೆಗೊಮ್ಮೆ ಯೇಸುವಿನ ಹನ್ನೆರಡು ಶಿಷ್ಯರು ಸಾಲಾಗಿ ಬರುತ್ತಾರೆ. ಅದನ್ನು ನೋಡದೆ ಹೊರಡಬೇಡಿ! ಸಂಗೀತ ಇಷ್ಟ ಅಂದ್ರೆ ಮಹಡಿಯಲ್ಲಿ ಡ್ವೋರಾಕ್ ನೆನಪಿನ ವಸ್ತುಗಳಿವೆ.

ಮಿಸಿಸಿಪ್ಪಿ ದಂಡೆಯ ಎಫಿಜಿ ಮೌಂಡ್ಸ್‌ನಲ್ಲಿ ಮೂಲನಿವಾಸಿಗಳು ಕರಡಿ, ಹಕ್ಕಿಗಳ ಆಕಾರದಲ್ಲಿ ಕಟ್ಟಿದ ಮಣ್ಣಿನ ದಿಬ್ಬಗಳಿವೆ. ನನಗೆ ತುಂಬಾ ಇಷ್ಟದ ಜಾಗ. ಆದರೆ ಕಡಿದಾದ ಏರು, ನಿಮ್ಮ ಮಂಡಿಗೆ ಬೇಡ. ಬದಲಿಗೆ ಡೆಕೋರಾದಲ್ಲೇ ಡನಿಂಗ್ಸ್ ಸ್ಪ್ರಿಂಗ್ ಜಲಪಾತ ನೋಡಿ. ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ನಡೆದರೆ ಸಾಕು.