ಚಳಿಯಲ್ಲಿ ನಿಂತುಹೋಗುವ ಪದ್ಮಿನಿ: ಮೊದಲು ಚೋಕ್ ನೋಡಿ

ಬೀದರಿನ ಡಿಸೆಂಬರ್ ಮುಂಜಾನೆಗಳಲ್ಲಿ ನಿಮ್ಮ ಪ್ರೀಮಿಯರ್ ಪದ್ಮಿನಿ ಕಾರು ಸ್ಟಾರ್ಟ್ ಆದರೂ ಎರಡು ನಿಮಿಷದೊಳಗೆ ನಿಂತುಬಿಡುತ್ತದೆ, ಬಿಸಿಯಾದ ಮೇಲೆ ಸರಿಯಾಗಿ ಓಡುತ್ತದೆ ಎಂದು ಬರೆದಿದ್ದೀರಿ. ತಣ್ಣನೆಯ ಎಂಜಿನ್‌ನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗದೆ ಮ್ಯಾನಿಫೋಲ್ಡಿನ (ಸಿಲಿಂಡರಿಗೆ ಮಿಶ್ರಣ ಒಯ್ಯುವ ಕೊಳವೆಯ) ಗೋಡೆಗೆ ಅಂಟಿಕೊಳ್ಳುವುದರಿಂದ ಸಿಲಿಂಡರಿಗೆ ಹೋಗುವ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಅಂದರೆ ಅದರಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ. ಆ ಕೊರತೆಯನ್ನು ತುಂಬುವುದೇ ಚೋಕ್‌ನ ಕೆಲಸ.

ಆದ್ದರಿಂದ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿಸುವ ಮೊದಲು, ಮನೆಯವರೊಬ್ಬರಿಗೆ ಚೋಕ್ ಗುಂಡಿ ಎಳೆಯಲು ಹೇಳಿ, ಬಾನೆಟ್ ಎತ್ತಿ, ಕೇಬಲ್ ತುದಿಯ ಲಿವರ್ ಕೊನೆಯವರೆಗೂ ತಿರುಗುತ್ತದೆಯೇ ಎಂದು ಕಣ್ಣಾರೆ ನೋಡಿ. ನನ್ನ ಗಾಡಿಯಲ್ಲಿ ಕೇಬಲ್ಲಿನ ಹೊರಕವಚ ಕ್ಲಿಪ್ಪಿನಿಂದ ಜಾರಿ, ಗುಂಡಿ ಪೂರ್ತಿ ಹೊರಬಂದರೂ ಲಿವರ್ ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ಸ್ಕ್ರೂ ಬಿಗಿ ಮಾಡಿದ್ದೇ ಸಾಕಾಯಿತು.

ಲಿವರ್ ಸರಿಯಿದ್ದರೆ ಐಡಲ್ ಜೆಟ್ಟಿನ (ಆಕ್ಸಿಲರೇಟರ್ ಒತ್ತದಿದ್ದಾಗ ಪೆಟ್ರೋಲ್ ಬಿಡುವ ಸಣ್ಣ ರಂಧ್ರದ) ಕಸವನ್ನೂ, ಕಾರ್ಬ್ಯುರೇಟರ್ ಬುಡದಲ್ಲಿ ಸಂದು ಮುಚ್ಚುವ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರುತ್ತಿದೆಯೇ ಎಂಬುದನ್ನೂ ಪರೀಕ್ಷಿಸಿ. ಎಂಜಿನ್ ಬಿಸಿಯಾದ ಮೇಲೂ ಸ್ವಲ್ಪ ಚೋಕ್ ಎಳೆದಾಗ ಮಾತ್ರ ನೆಮ್ಮದಿಯಾಗಿ ಓಡಿದರೆ, ದೋಷ ಬಹುಪಾಲು ಇವೆರಡರಲ್ಲೇ ಇರುತ್ತದೆ.