ಮಗಳಿಗೆ 16 ದಿನ ಆದರೂ ಮುಟ್ಟು ನಿಂತಿಲ್ಲ, ತೋರಿಸಬೇಕಾ?

ಮಗಳಿಗೆ 13 ವರ್ಷ, ದೊಡ್ಡವಳಾಗಿ ಎಂಟು ತಿಂಗಳು, ಎರಡು ತಿಂಗಳು ಮುಟ್ಟೇ ಆಗಲಿಲ್ಲ, ಈಗ 16 ದಿನದಿಂದ ನಿಂತಿಲ್ಲ, ಅತ್ತೆ 'ಕಾವು, ತಾನೇ ನಿಲ್ಲುತ್ತೆ' ಅಂತಾರೆ ಅಂದಿದ್ದೀರಿ. ತೋರಿಸಿ ಅಕ್ಕಾ. ನಾಳೆಯೇ.

ನಾನು ಡಾಕ್ಟರ್ ಅಲ್ಲ, ಕಲಬುರಗಿಯಲ್ಲಿ ಇದನ್ನೇ ಕಂಡ ತಾಯಿ. ಏಪ್ರಿಲ್ ತಿಂಗಳು. ನಮ್ಮ ಬಿಸಿಲಲ್ಲಿ ಏನೇ ಆದರೂ ಕಾವಿನ ಮೇಲೆ ಹಾಕಿಬಿಡ್ತೀವಿ, ಅಲ್ವಾ? ಮಜ್ಜಿಗೆ, ಸಬ್ಜಾ ನೀರು ಅಂತ 18 ದಿನ ಕಳೆದೆ. ಒಂದು ಸಂಜೆ ಟ್ಯೂಷನ್‌ನಿಂದ ಬಂದ ನನ್ನ ಮಗಳು ಮನೆಯ ಹನ್ನೆರಡು ಮೆಟ್ಟಿಲು ಹತ್ತೋದರಲ್ಲಿ ಎರಡು ಸಲ ಕೂತಳು. ಡಾಕ್ಟರಮ್ಮ ಅವಳ ಕೆಳರೆಪ್ಪೆ ಎಳೆದು ನನಗೂ ತೋರಿಸಿದರು. ಕೆಂಪಗಿರಬೇಕಾದ ಜಾಗ ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ 7.4. ಇರಬೇಕಾದದ್ದು ಕನಿಷ್ಠ 12.

ಶುರುವಿನ ಎರಡು ಮೂರು ವರ್ಷ ಹಿಂದೆಮುಂದೆ ಆಗೋದು ಮಾಮೂಲಿ. 21ರಿಂದ 45 ದಿನಕ್ಕೊಮ್ಮೆ ಬಂದರೆ ಚಿಂತೆಯಿಲ್ಲ. ಆದರೆ ಏಳು ದಿನ ದಾಟಬಾರದು. ಎರಡು ತಿಂಗಳು ಬರದೇ ಇದ್ದದ್ದು, ಈಗ ನಿಲ್ಲದೇ ಇರೋದು ಬೇರೆ ಬೇರೆ ಅಲ್ಲ ಅಂತ ನನಗೂ ಆಮೇಲೆ ಗೊತ್ತಾಯ್ತು. ಅಂಡ ಬಿಡುಗಡೆ ಆಗದ ತಿಂಗಳಲ್ಲಿ ಗರ್ಭಕೋಶದ ಒಳಪದರ ದಪ್ಪ ಆಗುತ್ತಲೇ ಹೋಗುತ್ತದೆ. ಆಮೇಲೆ ಒಂದೇ ಸಲ ಕಳಚದೆ ಅಲ್ಲಿಷ್ಟು ಇಲ್ಲಿಷ್ಟು ಉದುರುತ್ತದೆ. ಹೆಚ್ಚಿನ ಹುಡುಗಿಯರಲ್ಲಿ ಕಾರಣ ಇಷ್ಟೇ. ಕೆಲವರಲ್ಲಿ ಥೈರಾಯ್ಡ್, ಪಿಸಿಓಡಿ (ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆ ಆಗದ ತೊಂದರೆ), ಇಲ್ಲವೇ ರಕ್ತ ಬೇಗ ಹೆಪ್ಪುಗಟ್ಟದ ತೊಂದರೆ ಇರುತ್ತದೆ. ಅದಕ್ಕೇ ಮೂಗಿನಿಂದ, ವಸಡಿನಿಂದ ರಕ್ತ ಬರುತ್ತಾ, ಸುಮ್ನೆ ಮೈಮೇಲೆ ನೀಲಿ ಕಲೆ ಏಳುತ್ತಾ ಅಂತ ಕೇಳ್ತಾರೆ. ನೆನಪು ಮಾಡಿಕೊಂಡು ಹೋಗಿ.

ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಬರೆದುಕೊಡಬಹುದು. ಸ್ಕ್ಯಾನಿಂಗ್ ಹೊಟ್ಟೆಯ ಮೇಲಿಂದಲೇ, ಹೆದರಬೇಡಿ. ಗರ್ಭದ ಮೂತ್ರ ಪರೀಕ್ಷೆ ಅಂದರೂ ಸಿಟ್ಟಾಗಬೇಡಿ, ಮುಟ್ಟಿನ ತೊಂದರೆ ಅಂದ ಕೂಡಲೇ ಮಾಡಿಸುವ ಪರೀಕ್ಷೆ ಅದು. ನಾನು ಸಿಟ್ಟಾಗಿದ್ದೆ.

ನನ್ನ ಇನ್ನೊಂದು ತಪ್ಪು ಕೇಳಿ. ಹಾರ್ಮೋನ್ ಮಾತ್ರೆ ಕೊಟ್ಟರು, ನಾಲ್ಕು ದಿನಕ್ಕೆ ನಿಂತಿತು. 'ಜಾಸ್ತಿ ನುಂಗಿದರೆ ಮುಂದೆ ಮಕ್ಕಳಾಗಲ್ಲ' ಅಂದರು ಪಕ್ಕದ ಮನೆಯವರು. ನಂಬಿ ನಡುವೆ ಬಿಡಿಸಿದೆ. ಮೂರನೇ ದಿನಕ್ಕೆ ಮತ್ತೆ ಶುರು, ಮೊದಲಿಗಿಂತ ಜೋರು. ಆ ಮಾತಿಗೆ ಬುಡವಿಲ್ಲ ಅಂತ ಡಾಕ್ಟರಮ್ಮ ಬೈದು ಹೇಳಿದರು. ಹೇಳಿದಷ್ಟು ದಿನ ಮುಗಿಸಿ.

ಕಬ್ಬಿಣದ ಮಾತ್ರೆ ಕೊಟ್ಟರೆ ಲಿಂಬು ಶರಬತ್ತಿನ ಜೊತೆ ಕೊಡಿ, ಚಹಾದ ಜೊತೆ ಬೇಡ. ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ಪುಂಡಿ ಪಲ್ಯ ತಿನ್ನಲಿ, ಒಳ್ಳೆಯದೇ. ಆದರೆ 7ಕ್ಕೆ ಇಳಿದ ರಕ್ತ ಪಲ್ಯ ರೊಟ್ಟಿಯಿಂದ ಏರಲ್ಲ.

ಇವತ್ತೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ದಿನಕ್ಕೆ ಎಷ್ಟು ಪ್ಯಾಡ್ ಅಂತ ಬರೆದು ಜೊತೆಗೆ ಒಯ್ಯಿರಿ. ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ, ತಲೆ ಸುತ್ತಿ ಬೀಳುವಂತಾದರೆ ನಾಳೆಗೂ ಕಾಯಬೇಡಿ, ರಾತ್ರಿಯೇ 108ಕ್ಕೆ ಫೋನ್ ಮಾಡಿ.